ಮೆಂಬರಮ್ಮನ ಓಟು

ತಲಕಾಡು ಹತ್ತಿರ, ಹೊಳೆ ದಂಡೆಯ ರೆಸಾರ್ಟು
13 ಡಿಸೆಂಬರ್ 2012

ನಮ್ಮ ಮನೆಯವರಿಗೆ ಅಶ್ವತ್ಥಮ್ಮ ಮಾಡುವ ನಮಸ್ಕಾರ.

ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬೇಕಾದ ಚಟ್ನಿಪುಡಿ ಒಲೆ ಪಕ್ಕದ ಡಬ್ಬದಲ್ಲಿದೆ.

ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯುವ ಸಂದರ್ಭವಾದರೂ ಎಲ್ಲಿ ಬಂತು? ನೀವು ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿಗೆ ಹೋಗುತ್ತಿದ್ದಿರಿ, ಸಾಯಂಕಾಲ ಬರುತ್ತಿದ್ದಿರಿ. ಆ ಮೆಷೀನುಗಳ ಮಧ್ಯೆ ನಿಂತೂ ನಿಂತೂ ಕಿವಿ ಹೋಗಿ ರಿಟೈರಾದ ಮೇಲಂತೂ ಮನೆ ಬಿಟ್ಟು ಕದಲಿಲ್ಲ. ಈಗ ನಾನೇ ಮನೆ ಬಿಟ್ಟು ಬಂದಿದ್ದೇನೆ, ಅದೂ ಏಸಿ ಬಸ್ಸಿನಲ್ಲಿ.

ಬಸ್ಸು ಮಾಕಳಿ ದಾಟುವ ಮೊದಲೇ ನಮ್ಮ ಪಂಚಾಯ್ತಿ ಅಧ್ಯಕ್ಷ ವೆಂಕಟೇಶಪ್ಪನವರ ಬಲಗೈ ನರೇಶ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದು ಮೆಂಬರುಗಳ ಮೊಬೈಲುಗಳನ್ನೆಲ್ಲ ಅದರೊಳಗೆ ಹಾಕಿಸಿಕೊಂಡ. "ಅಧ್ಯಕ್ಷರ ಎಲೆಕ್ಷನ್ ಮುಗಿಯೋಗಂಟ ಯಾರ್ಗೂ ಫೋನಿಲ್ಲ. ಆ ಕಡೆಯೋರು ಗಾಳ ಆಕ್ಬಿಡ್ತಾರೆ" ಅಂದ. ನಾನು, "ನಂಗೇನಪ್ಪ, ಫೋನ್ ಮಾಡುದ್ರೂ ನಮ್ಮೆಜಮಾನ್ರಿಗೆ ಕೇಳ್ಸಲ್ಲ, ಕಾಗ್ದ ಬರ್ಕೊತೀನಿ" ಅಂದೆ. ಬಸ್ಸೆಲ್ಲ ನಕ್ಕಿತು. "ಬರೀರಿ ಅತ್ತೆ, ಬರ್ದು ನನ್ ಕೈಗೇ ಕೊಡಿ, ಪೋಸ್ಟ್ ಮಾಡುಸ್ತೀನಿ" ಅಂದ ನರೇಶ. ಅವನಿಗೆ ಕೊಡುತ್ತಿದ್ದೇನೆ.

ಮುಂದಿನ ಎರಡೂವರೆ ವರ್ಷ ಅಧ್ಯಕ್ಷರ ಕುರ್ಚಿ ಮಹಿಳೆಗೆ ಎಂದು ಸರ್ಕಾರದ ಆದೇಶ ಬಂದ ದಿನದಿಂದ ವೆಂಕಟೇಶಪ್ಪನವರಿಗೆ ಊಟ ಸೇರುತ್ತಿರಲಿಲ್ಲವಲ್ಲ, ಇಲ್ಲಿ ಚೆನ್ನಾಗಿ ಸೇರುತ್ತಿದೆ. ಹನ್ನೊಂದು ಮೆಂಬರುಗಳಲ್ಲಿ ಏಳು ಜನ ಅವರ ಬಸ್ಸಿನಲ್ಲಿದ್ದೇವೆ, ಇನ್ನೇನು ಬೇಕು. ಹೆಂಗಸರು ನಾವು ನಾಲ್ವರು: ಅವರ ತಮ್ಮನ ಹೆಂಡತಿ ಅಂಜಿನಮ್ಮ, ನರೇಶನ ಹೆಂಡತಿ ಪ್ರಿಯಾಂಕಾ, ಕೆಳಗಿನ ಬೀದಿಯ ಸಿದ್ದಮ್ಮ, ನಾನು. ಅಂಜಿನಮ್ಮನೇ ಅಧ್ಯಕ್ಷೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಆಗಲಿ.

ಇಲ್ಲಿ ನಲ್ಲಿ ಯಾವಾಗ ತಿರುಗಿಸಿದರೂ ನೀರು ಬರುತ್ತದೆ. ಸಿದ್ದಮ್ಮ ಮೊದಲು ತನ್ನ ಸೀರೆಗಳನ್ನೆಲ್ಲ ಒಗೆದಳು, ಆಮೇಲೆ ನನ್ನವನ್ನು. ಈಗ ರೆಸಾರ್ಟಿನವರ ಕಿಟಕಿ ಪರದೆ ಬಿಚ್ಚುತ್ತಿದ್ದಾಳೆ. ಮ್ಯಾನೇಜರ್ ಕೈಮುಗಿದು ಬೇಡವೆನ್ನುತ್ತಿದ್ದಾನೆ.

ಹಸುವಿಗೆ ಬೂಸಾ ನೆನೆಸಿ ಇಡುವುದನ್ನು ಮರೆಯಬೇಡಿ.

ಇಂತಿ ನಿಮ್ಮ ಅಶ್ವತ್ಥಮ್ಮ


ನಾಗೇಗೊಂಡನಪಾಳ್ಯ, ಮಾಕಳಿ ದಾರಿ
17 ಡಿಸೆಂಬರ್ 2012

ಸೌಭಾಗ್ಯವತಿ ಅಶ್ವತ್ಥಮ್ಮನಿಗೆ ರಾಮಯ್ಯನ ಆಶೀರ್ವಾದ.

ನಿನ್ನ ಕಾಗದ ಬಂತು. ಪೋಸ್ಟ್‌ಮ್ಯಾನ್ ಕೂಗಿ ಕೂಗಿ ಸಾಕಾಗಿ ಕಿಟಕಿಯಿಂದ ಒಳಕ್ಕೆ ಎಸೆದ. ಸಾರಿನ ಪಾತ್ರೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ನಿನ್ನ ಅಕ್ಷರ ಇಷ್ಟು ದುಂಡಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಿನ್ನ ರುಜು ಬಿಟ್ಟು ಬೇರೇನನ್ನೂ ನೋಡಿದವನಲ್ಲ ನಾನು. ಎರಡು ಸಲ ಓದಿದೆ. ನೀನು ಇಷ್ಟೊಂದು ಮಾತಾಡಿ ಎಷ್ಟು ಕಾಲವಾಯಿತು ಎಂದು ಯೋಚಿಸಿದೆ, ಆಮೇಲೆ ನನಗೇ ನಗು ಬಂತು. ಆಡಿರುತ್ತೀ, ಕೇಳಿಸಬೇಕಲ್ಲ.

ಊರಿನಲ್ಲಿ ಬೇರೆ ಮಾತಿಲ್ಲ. ಪಾಪಯ್ಯ ತನ್ನ ಹೋಟೆಲಿನ ಕರಿಹಲಗೆಯ ಮೇಲೆ ಇಡ್ಲಿ, ಚಿತ್ರಾನ್ನ ಎಂದು ಬರೆದಿದ್ದನ್ನು ಅಳಿಸಿ, ಮುಂದಿನ ಅಧ್ಯಕ್ಷೆ ಯಾರಾಗಬಹುದು ಎಂದು ಹೆಸರುಗಳನ್ನು ಬರೆದಿಟ್ಟಿದ್ದಾನೆ. ಬಂದವರು ತಮಗೆ ತೋಚಿದ ಹೆಸರಿನ ಮುಂದೆ ಗೀಟು ಎಳೆಯಬೇಕು. ಸೋತವರು ಗೆದ್ದವರಿಗೆ ಟೀ ಕುಡಿಸಬೇಕು. ತಿಂಡಿ ಏನಿದೆ ಎಂದರೆ "ಅಂಜಿನಮ್ಮ, ಬಿಸಿಬಿಸಿ" ಅನ್ನುತ್ತಾನೆ.

ನನ್ನ ಲೆಕ್ಕಾಚಾರ ಹೇಳುತ್ತೇನೆ, ಕೇಳು. ಅಂಜಿನಮ್ಮನಿಗೆ ಗೀಟು ಜಾಸ್ತಿ. ಹೌದು ಅನ್ನಲೂ ಭಾವನ ಮುಖ ನೋಡುವವಳು ಅವಳು, ವೆಂಕಟೇಶಪ್ಪನಿಗೆ ಅದೇ ಬೇಕಾಗಿರುವುದು. ಪ್ರಿಯಾಂಕಾ ಬಿ.ಕಾಂ. ಓದಿದ ಚುರುಕು ಹುಡುಗಿ, ಆದರೆ ಅವಳು ಕೂತರೆ ಕುರ್ಚಿಯಲ್ಲಿ ಕಾಣುವುದು ನರೇಶ. ಸಿದ್ದಮ್ಮನಿಗೆ ಬಾಯಿದೆ, ಬೆನ್ನ ಹಿಂದೆ ಜನ ಇಲ್ಲ. ಇನ್ನು ಆ ಕಡೆಯ ನಾಲ್ವರು ಎಷ್ಟು ಕುಣಿದರೂ ನಾಲ್ವರೇ. ಹೀಗೆ ಬಿಡಿಸಿ ಹೇಳಿದ್ದಕ್ಕೆ ಬೆಂಚಿನವರೆಲ್ಲ ತಲೆದೂಗಿದರು. ಮೆಂಬರಮ್ಮನ ಯಜಮಾನ ಎಂದು ಮೊದಲ ಟೀ ನನಗೇ ಬರುತ್ತದೆ, ಅದು ಬೇರೆ ವಿಷಯ.

ಪಾಪಯ್ಯ ಸೀಮೆಸುಣ್ಣ ಹಿಡಿದು, ತುಟಿ ಕಾಣುವ ಹಾಗೆ ನನ್ನ ಮುಂದೆ ಬಂದು ನಿಂತು, "ರಾಮಣ್ಣ, ನಿಮ್ಮನೆಯೋರ ಎಸ್ರೂ ಬರ್ದು ಬುಡ್ಲಾ?" ಅಂದ. ನಾನು ಕೈಯಾಡಿಸಿದೆ. ನಿನಗ್ಯಾಕೆ ಆ ರಗಳೆ? ಎರಡೂವರೆ ವರ್ಷ ಪ್ರತಿ ಸಭೆಗೂ ನಿನ್ನ ಜೊತೆ ಬಂದು ಪಕ್ಕದಲ್ಲೇ ಕೂತಿದ್ದೇನೆ, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದ್ದೇನೆ. ಒಂದು ದಿನವೂ ನೀನು ಬಾಯಿ ಬಿಟ್ಟವಳಲ್ಲ. ಗೌರವವಾಗಿ ಮೆಂಬರಾಗಿದ್ದೀ, ಅಷ್ಟೇ ಸಾಕು.

ಹಸು ಚೆನ್ನಾಗಿದೆ. ಮುದ್ದೆ ಗಂಟಾಗುತ್ತಿದೆ.

ರಾಮಯ್ಯ


ರೆಸಾರ್ಟು
20 ಡಿಸೆಂಬರ್ 2012

ನಮ್ಮ ಮನೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಹೋಟೆಲಿನ ಹಲಗೆಯ ವಿಷಯ ಕೇಳಿ ಎಲ್ಲರೂ ನಕ್ಕರು. ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ವೆಂಕಟೇಶಪ್ಪನವರು ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಅಂಜಿನಮ್ಮನಿಗೆ ಎಲ್ಲರ ಒಪ್ಪಿಗೆ ಇದೆ.

ಅಧ್ಯಕ್ಷರ ವಿಷಯ ನೀವು ಯಾರ ಹತ್ತಿರವೂ ಮಾತಾಡಲು ಹೋಗಬೇಡಿ.

ಅಶ್ವತ್ಥಮ್ಮ


ನಾಗೇಗೊಂಡನಪಾಳ್ಯ
23 ಡಿಸೆಂಬರ್ 2012

ಸೌ. ಅಶ್ವತ್ಥಮ್ಮನಿಗೆ ಆಶೀರ್ವಾದ.

ಇದೇನು ಕಾಗದ ಬರೆದಿದ್ದೀ? ಹಿಟ್ಟಿನ ಗಿರಣಿ ಚೀಟಿಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ. ಹಿಂದಿನ ಕಾಗದ ಓದಿ ಇನ್ನೊಂದು ಅಂಥದ್ದು ಬರುತ್ತದೆ ಎಂದು ದಾರಿ ನೋಡುತ್ತಿದ್ದೆ. ರೆಸಾರ್ಟಿನಲ್ಲಿ ಹೆಂಗಸರೆಲ್ಲ ಮಾತಿಗೆ ಕೂತರೆ ಗಂಡನಿಗೆ ಬರೆಯಲು ಪುರುಸೊತ್ತು ಎಲ್ಲಿರುತ್ತದೆ, ಬಿಡು.

ಆದರೆ ಆ ಚೀಟಿಯೂ ಒಂದು ಉಪಕಾರ ಮಾಡಿತು. ಅಂಜಿನಮ್ಮನಿಗೆ ಎಲ್ಲರ ಒಪ್ಪಿಗೆ ಎಂದು ನೀನೇ ಬರೆದೆಯಲ್ಲ, ಅದರಿಂದ ನಾನು ಅನುಮಾನವಿಲ್ಲದೆ ಒಂದು ಕೆಲಸ ಮಾಡಿ ಬಂದೆ.

ನಿನ್ನೆ ವೆಂಕಟೇಶಪ್ಪ ಊರಿಗೆ ಬಂದಿದ್ದ. ಬಸ್ಸಿನಲ್ಲಿರುವ ಮೆಂಬರುಗಳ ಮನೆಯ ಗಂಡಸರನ್ನೆಲ್ಲ ಮುನೇಶ್ವರನ ಗುಡಿಗೆ ಕರೆಸಿದ. ಪೂಜಾರಿ ಲಕ್ಷ್ಮಯ್ಯ ಕರ್ಪೂರ ಹಚ್ಚಿದ. ವೆಂಕಟೇಶಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ರಾಮಣ್ಣ, ನೀನೇ ಮೊದ್ಲು ಬಾ. ನೀನ್ ಮಾತ್ ಕೊಟ್ರೆ ಈ ಊರಾಗೆ ಎಲ್ರೂ ನಂಬ್ತಾರೆ" ಅಂದ. ಅಷ್ಟು ಜನರ ಎದುರಿಗೆ! ಕಿವುಡ ಎಂದು ಮದುವೆ ಮನೆಯಲ್ಲಿ ಕಂಬದ ಹಿಂದೆ ಕೂರಿಸುವ ಜನ, ನಿನ್ನೆ ನನ್ನನ್ನು ಮೊದಲು ಕರೆದರು. ನಾನು ಕರ್ಪೂರದ ಮೇಲೆ ಕೈ ಹಿಡಿದು, ನಮ್ಮ ಮನೆ ಓಟು ಅಂಜಿನಮ್ಮನಿಗೆ ಎಂದು ಮುನೇಶ್ವರನ ಮೇಲೆ ಆಣೆ ಇಟ್ಟೆ. ನನ್ನ ಹಿಂದೆ ಮಿಕ್ಕವರೂ ಇಟ್ಟರು.

ಇನ್ನು ನೀನು ಚಿಂತೆಯಿಲ್ಲದೆ ಹೋಗಿ ಓಟು ಹಾಕಿ ಬಾ. ನಿನ್ನ ಪರವಾಗಿ ಎಲ್ಲ ಮಾಡಿ ಮುಗಿಸಿದ್ದೇನೆ.

ರಾಮಯ್ಯ


ತಲಕಾಡು
26 ಡಿಸೆಂಬರ್ 2012

ನಮ್ಮ ಮನೆಯವರಿಗೆ.

ಈ ಕಾಗದವನ್ನು ನರೇಶನ ಕೈಗೆ ಕೊಟ್ಟಿಲ್ಲ. ದೇವಸ್ಥಾನ ತೋರಿಸಲು ಕರೆದುಕೊಂಡು ಬಂದಿದ್ದಾರೆ, ಎದುರಿಗೆ ಅಂಚೆ ಡಬ್ಬಿ ಇದೆ. ಸಿದ್ದಮ್ಮ ಬಳೆ ಅಂಗಡಿಯಲ್ಲಿ ನರೇಶನನ್ನು ನಿಲ್ಲಿಸಿಕೊಂಡು ಚೌಕಾಸಿ ಮಾಡುತ್ತಿದ್ದಾಳೆ. ಅವಳು ಬಳೆ ಕೊಳ್ಳುವುದಿಲ್ಲ, ಅವನನ್ನು ಬಿಡುವುದೂ ಇಲ್ಲ. ಆದ್ದರಿಂದ ಬೇಗ ಬರೆಯುತ್ತೇನೆ.

ನರೇಶನ ಮೂಲಕ ಕಳಿಸಿದ ಎರಡು ಕಾಗದಗಳನ್ನೂ ಅವನು ಓದಿಯೇ ಕಳಿಸಿದ್ದು. ನಿಮ್ಮ ಕಾಗದಗಳೂ ಒಡೆದೇ ನನ್ನ ಕೈಗೆ ಬರುತ್ತವೆ. ಹಲಗೆಯ ವಿಷಯವನ್ನು ಊಟದ ಮನೆಯಲ್ಲಿ ಗಟ್ಟಿಯಾಗಿ ಓದಿ ನಗಾಡಿದರು. ಪ್ರಿಯಾಂಕಾ ತಲೆ ತಗ್ಗಿಸಿ ಕೂತಿದ್ದಳು. ಹಿಂದಿನ ಕಾಗದ ಹಿಟ್ಟಿನ ಗಿರಣಿ ಚೀಟಿಯಂತಿದ್ದದ್ದು ಅದಕ್ಕೇ. ನೀವು ಅದನ್ನೇ ನಂಬಿ ಗುಡಿಗೆ ಹೋದಿರಿ.

ಈಗ ನಿಜ ಕೇಳಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗಂಡಸರು ಬರುವುದಿಲ್ಲ, ಅಲ್ಲಿ ನಾವು ಮೂವರು ಸೇರುತ್ತಿದ್ದೆವು. ಒಂದು ದಿನ ಸಿದ್ದಮ್ಮ ಹರಿಯುವ ನಲ್ಲಿ ನೋಡಿಕೊಂಡು ಅತ್ತುಬಿಟ್ಟಳು. ಅವಳ ಬೀದಿಗೆ ವಾರಕ್ಕೊಂದು ಸಲ ನೀರು. ಅದೂ ಪಂಚಾಯ್ತಿ ಬೋರಿನಿಂದ ವೆಂಕಟೇಶಪ್ಪನವರ ಟ್ಯಾಂಕರುಗಳು ತುಂಬಿ ಫ್ಯಾಕ್ಟರಿಗಳಿಗೆ ಹೋದ ಮೇಲೆ ಉಳಿದರೆ. ಪ್ರಿಯಾಂಕಾ, "ಅತ್ತೆ, ನೀವ್ಯಾಕ್ ನಿಲ್ಬಾರ್ದು?" ಅಂದಳು. ಸಿದ್ದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀನ್ ನಿಂತ್ರೆ ನಾನ್ ಇದೀನಿ ಕಣಕ್ಕ" ಅಂದಳು. ಆ ಕಡೆಯ ನಾಲ್ವರಲ್ಲಿ ಒಬ್ಬ ಅವಳ ಮೈದುನ. ಅಂಜಿನಮ್ಮನ ಎದುರು ನಮ್ಮಲ್ಲಿ ಯಾವ ಹೆಂಗಸು ನಿಂತರೂ ನಾಲ್ಕು ಓಟು ಕೊಡುತ್ತೇವೆ ಎಂದು ಹೊರಡುವ ಮೊದಲೇ ಹೇಳಿದ್ದನಂತೆ. ನಾಲ್ಕು ಅವರದು, ಮೂರು ನಮ್ಮದು. ನಾನು ಒಪ್ಪಿದೆ.

ಅವರು ಬಲವಂತ ಮಾಡಿದ್ದಕ್ಕೆ ಒಪ್ಪಿದೆ ಎಂದು ತಿಳಿಯಬೇಡಿ. ನನಗೆ ಆ ಕುರ್ಚಿ ಬೇಕು.

ಸಭೆಯಲ್ಲಿ ನಾನು ಬಾಯಿ ಬಿಟ್ಟವಳಲ್ಲ ಎಂದು ಬರೆದಿರಿ. ಅದನ್ನು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ಪ್ರತಿ ಸಭೆಯಲ್ಲೂ ಮಾತಾಡಿದ್ದೇನೆ ನಾನು. ಕೆಳಗಿನ ಬೀದಿಯ ನೀರಿಗೆ, ಅಂಗನವಾಡಿಯ ಸೂರಿಗೆ, ಕೇಬಲ್ ಸುಟ್ಟು ಹೊಗೆ ಎಬ್ಬಿಸುವ ಗುಜರಿಯವನ ಮೇಲೆ. ಒಂದು ಸಲ ವೆಂಕಟೇಶಪ್ಪನವರು ಮೇಜು ಗುದ್ದಿ ಎದ್ದು ಹೋದರಲ್ಲ, ಅವರಿಗೆ ಹೊಟ್ಟೆನೋವು ಎಂದು ನೀವು ತಿಳಿದಿರಿ. ಅದು ನನ್ನ ಮಾತಿಗೆ. ನೀವು ನನ್ನ ಪಕ್ಕದಲ್ಲಿ ಕೂರುತ್ತಿದ್ದಿರಿ, ನನ್ನ ತುಟಿ ನಿಮಗೆ ಕಾಣುತ್ತಿರಲಿಲ್ಲ. ಮನೆಗೆ ಬಂದು ಹೇಳೋಣವೆಂದರೆ ಕೂಗಿ ಹೇಳಬೇಕು. ಬೀದಿಗೆಲ್ಲ ಕೇಳಿಸುತ್ತದೆ ಎಂದು ಸುಮ್ಮನಾಗುತ್ತಿದ್ದೆ.

ಆಣೆ ಇಡಲು ನಿಮಗೆ ಹೇಳಿದವರು ಯಾರು? ನಮ್ಮ ಮನೆ ಓಟು ಅಂದಿರಂತೆ. ಮನೆಗೆ ಓಟಿಲ್ಲ. ಜನ ಗುದ್ದಿದ ಸೀಲು ನನ್ನ ಹೆಸರಿನ ಮುಂದೆ ಬಿದ್ದಿದ್ದು.

ಮುನೇಶ್ವರನ ಭಯ ನನಗೂ ಇದೆ. ನಿಮ್ಮ ಆಣೆ ಮುರಿದು ಕೂರುವ ಕುರ್ಚಿಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ಹಾಗಂತ ನನ್ನ ಓಟನ್ನು ಬಿಟ್ಟುಕೊಡಲೂ ಮನಸ್ಸಿಲ್ಲ. ಆದ್ದರಿಂದ ಇಟ್ಟವರೇ ಆ ಆಣೆಯನ್ನು ವಾಪಸ್ ತೆಗೆದುಕೊಳ್ಳಿ. ಲಕ್ಷ್ಮಯ್ಯನನ್ನು ಕೇಳಿದರೆ ದಾರಿ ಹೇಳುತ್ತಾನೆ. ಆದರೆ ಸದ್ದಿಲ್ಲದೆ ಮಾಡಿ. ಈಗಲೇ ಗೊತ್ತಾದರೆ ಮೊದಲು ಪ್ರಿಯಾಂಕಾಳನ್ನು ಹೆದರಿಸುತ್ತಾರೆ. ಕಾಗದದಲ್ಲೂ ಈ ವಿಷಯ ಎತ್ತಬೇಡಿ.

ಸಿದ್ದಮ್ಮ ಕೆಮ್ಮುತ್ತಿದ್ದಾಳೆ. ಮುಗಿಸುತ್ತೇನೆ.

ಅಶ್ವತ್ಥಮ್ಮ


ನಾಗೇಗೊಂಡನಪಾಳ್ಯ
29 ಡಿಸೆಂಬರ್ 2012

ಅಶ್ವತ್ಥಮ್ಮನಿಗೆ ರಾಮಯ್ಯ ಬರೆಯುವುದು. ನರೇಶಪ್ಪ, ನೀನೂ ಓದು. ನಿನಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಗಟ್ಟಿಯಾಗಿ ಊಟದ ಮನೆಯಲ್ಲಿ ಓದಿದರೆ ಇನ್ನೂ ಒಳ್ಳೆಯದು.

ಅಶ್ವತ್ಥಾ, ನೀನು ಹೇಳಿದಂತೆ ಸದ್ದಿಲ್ಲದೆ ಮಾಡಲು ಹೋದೆ. ಬೆಳಗ್ಗೆ ಜನ ಏಳುವ ಮೊದಲೇ ಗುಡಿಗೆ ಹೋಗಿ ಲಕ್ಷ್ಮಯ್ಯನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವನು, "ತಪ್ಪು ಕಾಣ್ಕೆ ಕಟ್ಟು. ತಣ್ಣೀರ್ ಉಯ್ಕಂಡು ಒದ್ದೆ ಬಟ್ಟೇಲಿ ಸುತ್ತು ಬಂದು, ಯಾವ ಆಣೆ, ಯಾಕ್ ವಾಪಸ್ ತಗಂತೀಯ ಅಂತ ಸಾಮಿಗೆ ನಿನ್ ಬಾಯಾರ ಏಳು. ಮೆತ್ತಗೆ ಏಳುದ್ರೂ ಸಾಮಿಗೆ ಕೇಳುಸ್ತದೆ" ಅಂದ. ಸರಿ, ಚಳಿಯಲ್ಲಿ ನಡುಗುತ್ತಾ ಸುತ್ತು ಬಂದು, ಮೂರ್ತಿಯ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದೆ. 'ಸ್ವಾಮಿ, ನನ್ನದಲ್ಲದ ಓಟಿನ ಮೇಲೆ ಆಣೆ ಇಟ್ಟೆ. ಅದು ನನ್ನ ಹೆಂಡತಿಯದು. ಅವಳೇ ಅಧ್ಯಕ್ಷಗಿರಿಗೆ ನಿಲ್ಲುತ್ತಾಳೆ. ದಂಡ ಏನಿದ್ದರೂ ನನಗೆ ಹಾಕು, ಅವಳ ತಂಟೆಗೆ ಹೋಗಬೇಡ.'

ಪಿಸುಗುಟ್ಟಿದೆ ಎಂದುಕೊಂಡಿದ್ದೇನೆ. ತಿರುಗಿ ನೋಡಿದರೆ ಲಕ್ಷ್ಮಯ್ಯ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಗುಡಿಯ ಮುಂದೆ ಹಾಲು ಹಾಕಲು ಬಂದವರು ಕ್ಯಾನು ಇಳಿಸಿ ನಿಂತಿದ್ದರು. ರಸ್ತೆಯಾಚೆ ಪಾಪಯ್ಯ ಹೋಟೆಲಿನ ಬಾಗಿಲಿಗೆ ಬಂದಿದ್ದ. ನಾನು ಅಲ್ಲಿಗೆ ನಡೆದು ಹೋಗುವಷ್ಟರಲ್ಲಿ ಹಲಗೆಯ ಮೇಲೆ ನಿನ್ನ ಹೆಸರು ಬಿದ್ದಿತ್ತು. ನನ್ನ ದನಿ ನನಗೇ ಕೇಳಿಸುವುದಿಲ್ಲ ಎನ್ನುವುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ. ಇನ್ನು ಮುಚ್ಚಿಡುವುದು ಏನುಳಿದಿದೆ? ಸೀಮೆಸುಣ್ಣ ತೆಗೆದುಕೊಂಡು ನಿನ್ನ ಹೆಸರಿನ ಮುಂದೆ ಮೊದಲ ಗೀಟು ನಾನೇ ಎಳೆದೆ.

ಮಧ್ಯಾಹ್ನ ವೆಂಕಟೇಶಪ್ಪನ ತಮ್ಮ ಮನೆಗೆ ಬಂದು, "ಮಾತ್ ತಪ್ಪೋನು ನೀನು, ಎಂಡ್ತಿ ಮಾತ್ ಕೇಳ್ತೀಯ" ಅಂದ. ತುಟಿ ನೋಡಿ ಅರ್ಥಮಾಡಿಕೊಂಡೆ. ಕೇಳುವುದಕ್ಕೆ ತಡವಾಯಿತು ಕಣಯ್ಯ ಅಂದೆ. ನನಗೆ ಅವಮಾನವಾಗಲಿಲ್ಲ. ಎರಡೂವರೆ ವರ್ಷ ನನ್ನ ಪಕ್ಕದಲ್ಲೇ ಒಬ್ಬಳು ಊರಿಗಾಗಿ ಜಗಳ ಆಡುತ್ತಿದ್ದಳು ಎಂದು ಗೊತ್ತಾದ ಮೇಲೆ ಅವಮಾನ ಎಲ್ಲಿಂದ ಬರಬೇಕು? ಎದೆ ಉಬ್ಬಿ ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ.

ನರೇಶಪ್ಪ, ಓದಿ ಮುಗಿಸಿದ್ದರೆ ಮಡಚಿ ಅವಳ ಕೈಗೆ ಕೊಡು.

ರಾಮಯ್ಯ


ತಲಕಾಡು ಬಸ್ ನಿಲ್ದಾಣ
1 ಜನವರಿ 2013

ನಮ್ಮ ಮನೆಯವರಿಗೆ.

ನಿಮ್ಮ ಕಾಗದಕ್ಕಿಂತ ಮೊದಲು ನಿಮ್ಮ ಪಿಸುಮಾತು ಇಲ್ಲಿಗೆ ತಲುಪಿತು. ಅವತ್ತೇ ವೆಂಕಟೇಶಪ್ಪನವರು ಕಾರಿನಲ್ಲಿ ಬಂದಿಳಿದರು. ಮೊದಲು ರೇಗಿದರು, ಆಮೇಲೆ ಕೈ ಹಿಡಿದುಕೊಂಡರು. "ಅಕ್ಕ, ನಿನ್ನ ಉಪಾಧ್ಯಕ್ಷೆ ಮಾಡ್ತೀನಿ, ಸುಮ್ಕಿದ್ಬುಡು" ಅಂದರು. ನಾನು, "ಕೆಳಗಿನ ಬೀದಿಗೆ ದಿನಾ ನೀರು ಬುಡ್ತೀರಾ?" ಅಂದೆ. ಎದ್ದು ಹೋದರು. ಈ ಸಲವೂ ಹೊಟ್ಟೆನೋವಲ್ಲ.

ನರೇಶ ಪ್ರಿಯಾಂಕಾಳನ್ನು ಬೇರೆ ರೂಮಿಗೆ ಕರೆದೊಯ್ದ. ಮಾರನೇ ದಿನ ಅವಳ ಕಣ್ಣು ಊದಿತ್ತು. "ಅತ್ತೆ, ನನ್ ಕೈಲಾಗಲ್ಲ" ಅಂದಳು. ಅವಳ ತಲೆ ಸವರಿ ಬಂದೆ. ಅವಳ ಮೇಲೆ ನನಗೆ ಕೋಪವಿಲ್ಲ. ಕೋಪ ಇದ್ದರೆ ನಿಮ್ಮ ಗಂಟಲಿನ ಮೇಲಿದೆ. ಮೂರು ಇದ್ದದ್ದು ಎರಡಾಯಿತು. ಒಂದು ಓಟು ಆಚೀಚೆಯಾದರೂ ಎಲ್ಲ ಮುಗಿಯಿತು.

ನಾನೂ ಸಿದ್ದಮ್ಮನೂ ಬ್ಯಾಗು ಹಿಡಿದು ಹೊರಟಿದ್ದೇವೆ. ಗೇಟಿನಲ್ಲಿ ತಡೆದರು. ಸಿದ್ದಮ್ಮ ಬಾಯಿ ಮಾಡಿದಳು, ಬಿಟ್ಟರು. ಕೊಳ್ಳೇಗಾಲದ ಹತ್ತಿರ ಅವಳ ತಂಗಿ ಮನೆಯಲ್ಲಿದ್ದು ಚುನಾವಣೆ ದಿನ, ನಾಲ್ಕನೇ ತಾರೀಖು, ನೇರವಾಗಿ ಪಂಚಾಯ್ತಿ ಕಛೇರಿಗೆ ಬರುತ್ತೇವೆ. ಮನೆಗೆ ಬಂದರೆ ಬಾಗಿಲ ತುಂಬ ಜನ ಕೂರುತ್ತಾರೆ.

ನಿಮ್ಮ ಕಾಗದವನ್ನು ನರೇಶ ನನ್ನ ಮುಂದೆ ಎಸೆದು ಹೋದ. ಮೂರು ಸಲ ಓದಿದೆ. ಬಸ್ಸಿನಲ್ಲಿ ಇನ್ನೊಮ್ಮೆ ಓದುತ್ತೇನೆ.

ಅಶ್ವತ್ಥಮ್ಮ


ಪಂಚಾಯತ್ ಅಧ್ಯಕ್ಷರ ತರಬೇತಿ ಕೇಂದ್ರ, ಮೈಸೂರು
6 ಫೆಬ್ರವರಿ 2013

ನಮ್ಮ ಮನೆಯವರಿಗೆ ನಮಸ್ಕಾರ.

ಇಲ್ಲಿ ಮೊಬೈಲು ಯಾರೂ ಕಿತ್ತುಕೊಂಡಿಲ್ಲ. ಆದರೂ ಕಾಗದ ತೆಗೆದುಕೊಂಡು ಕೂತಿದ್ದೇನೆ. ಗೆದ್ದ ದಿನದಿಂದ ಮನೆಯಲ್ಲಿ ಜನವೋ ಜನ. ಬಾವುಟ ಹಾರಿಸುವುದಂತೆ, ಸನ್ಮಾನವಂತೆ, ನೀರಿನ ವಾಲ್ವು ಕೆಟ್ಟಿದೆಯಂತೆ. ನಿಮ್ಮ ಎದುರಿಗೆ ಕೂತು ಎರಡು ಮಾತಾಡಲು ಆಗಲಿಲ್ಲ.

ಒಂದು ಕೇಳಬೇಕಿತ್ತು. ಚುನಾವಣೆ ದಿನ ನೀವು ಎಲ್ಲಿದ್ದಿರಿ? ನಾನು ಹೊರಗೆ ಬಂದಾಗ ಪಾಪಯ್ಯ ಕಂಡ, ಲಕ್ಷ್ಮಯ್ಯ ಕಂಡ, ನೀವು ಕಾಣಲಿಲ್ಲ. ಹಾರ ಹಿಡಿದುಕೊಂಡವರ ಮಧ್ಯೆ ನಿಮ್ಮನ್ನೇ ಹುಡುಕುತ್ತಿದ್ದೆ. ಬೇಕಂತಲೇ ದೂರ ಉಳಿದಿರೇನೋ ಎಂದು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ಅಶ್ವತ್ಥಮ್ಮ


ನಾಗೇಗೊಂಡನಪಾಳ್ಯ
9 ಫೆಬ್ರವರಿ 2013

ಅಧ್ಯಕ್ಷೆ ಅಶ್ವತ್ಥಮ್ಮನವರಿಗೆ ರಾಮಯ್ಯನ ನಮಸ್ಕಾರ. ಆಶೀರ್ವಾದವೂ ಇದೆ, ಹುದ್ದೆ ನೋಡಿ ಮೊದಲು ನಮಸ್ಕಾರ.

ಬೇಕಂತಲೇ ದೂರ ಉಳಿದೆನೆ? ಹುಚ್ಚಿ! ನೀನು ಒಂದನೇ ತಾರೀಖು ಬರೆದ ಕಾಗದ ನನ್ನ ಕೈಗೆ ಬಂದದ್ದು ಐದನೇ ತಾರೀಖು. ಚುನಾವಣೆ ದಿನ ನೀನು ಎಲ್ಲಿದ್ದೀ, ವೆಂಕಟೇಶಪ್ಪ ನಿನ್ನನ್ನು ಬಗ್ಗಿಸಿಬಿಟ್ಟನೋ, ಏನೂ ನನಗೆ ಗೊತ್ತಿರಲಿಲ್ಲ. ಬೆಳಗ್ಗೆಯೇ ಹೋಗಿ ಕಛೇರಿ ಎದುರಿನ ಬೇವಿನಮರದ ಕಟ್ಟೆಯ ಮೇಲೆ ಹತ್ತಿ ನಿಂತೆ. ಜನದ ಮಧ್ಯೆ ನಿಂತರೆ ನನಗೆ ಬರೀ ಬೆನ್ನುಗಳು ಕಾಣುತ್ತವೆ. ನೀನು ಸಿದ್ದಮ್ಮನ ಜೊತೆ ಆಟೋ ಇಳಿದು ಸೆರಗು ಬಿಗಿದುಕೊಂಡು ಯಾರ ಕಡೆಯೂ ನೋಡದೆ ಒಳಗೆ ಹೋದದ್ದನ್ನು ಕಂಡೆ. ಆ ನಡಿಗೆ ನೋಡಿಯೇ ನನಗೆ ಅರ್ಧ ಜೀವ ಬಂತು.

ಆಮೇಲೆ ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ಜನ ಎದ್ದು ಕುಣಿಯತೊಡಗಿದರು. ಯಾರಿಗಾಗಿ ಕುಣಿಯುತ್ತಿದ್ದಾರೆ ಎಂದು ಹೇಗೆ ತಿಳಿಯಬೇಕು? ಪಾಪಯ್ಯ ನನ್ನ ಕಡೆ ತಿರುಗಿ ಬಾಯಿ ಆಡಿಸಿದ. ಆರು ಅಂದ, ಐದು ಅಂದ. ಯಾರಿಗೆ ಆರು, ಯಾರಿಗೆ ಐದು? ಆಗ ನೀನು ಜಗಲಿಗೆ ಬಂದೆ. ಹಾರ ಹಾಕಲು ಬಂದವರನ್ನು ಕೈಯೆತ್ತಿ ತಡೆದೆ. ಈ ಸಲ ನೀನು ನನ್ನ ಎದುರಿಗಿದ್ದೆ. "ಮೊದ್ಲು ಕೆಳಗಿನ ಬೀದಿ ವಾಲ್ವು ಬುಡ್ಸಿ, ಆಮೇಕೆ ಆರ ಆಕಿ" ಅಂದೆ. ಒಂದೊಂದು ಅಕ್ಷರವೂ ನನಗೆ ಕಾಣಿಸಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ನೀನು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಟ್ಟೆಯಿಂದ ಇಳಿಯಲಾಗಲಿಲ್ಲ, ಅಲ್ಲೇ ಕೂತು ಅತ್ತೆ. ಅದಕ್ಕೇ ನಿನಗೆ ಕಾಣಲಿಲ್ಲ. ಆರು–ಐದು ಅಶ್ವತ್ಥಾ! ನಿನ್ನ ಒಂದು ಓಟು ಆ ಕಡೆಗೆ ಬಿದ್ದಿದ್ದರೆ ಅಂಜಿನಮ್ಮ ಆಗಿರುತ್ತಿದ್ದಳು. ಆ ಓಟನ್ನೇ ನಾನು ಕರ್ಪೂರದ ಮೇಲೆ ಕೈ ಹಿಡಿದು ಕೊಟ್ಟು ಬಂದಿದ್ದು.

ಇನ್ನು ಊರಿನ ವರ್ತಮಾನ. ನೀನು ಹೋದ ಮಾರನೇ ದಿನ ನರೇಶ ಯಾವುದೋ ಲೇಔಟಿನ ಖಾತೆ ಫೈಲು ಹಿಡಿದು ಮನೆಗೆ ಬಂದ. "ಮಾವ, ಅಧ್ಯಕ್ಷರ ಯಜಮಾನ್ರು ನೀವು, ನೀವೊಂದ್ ಮಾತ್ ಏಳುದ್ರೆ ಆಗೋಯ್ತು" ಅಂದ. ಅಧ್ಯಕ್ಷರು ಮುಂದಿನ ಶನಿವಾರ ಬರುತ್ತಾರೆ, ಕಛೇರಿಗೆ ಹೋಗು ಎಂದೆ. ಎರಡನೇ ಸಲ ಹೇಳಿದಾಗ ಕಿವಿ ತೋರಿಸಿ ಒಳಗೆ ಬಂದುಬಿಟ್ಟೆ.

ಈಗ ನಿನ್ನಿಂದ ಒಂದು ಅಪ್ಪಣೆ ಬೇಕು. ಕಛೇರಿಯ ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಹೆಸರುಗಳ ಹಲಗೆ ಇದೆಯಲ್ಲ, ಅದಕ್ಕೆ ನಿನ್ನ ಹೆಸರು ಸೇರಿಸಲು ಪೇಂಟರ್ ಬಂದಿದ್ದಾನೆ. ನನ್ನನ್ನು ಕರೆಸಿ ಚೀಟಿಯಲ್ಲಿ ಬರೆದು ತೋರಿಸಿದ: 'ಶ್ರೀಮತಿ ಅಶ್ವತ್ಥಮ್ಮ ಕೋಂ ರಾಮಯ್ಯ'. ಹಿಂದೆ ಒಬ್ಬಾಕೆ ಅಧ್ಯಕ್ಷೆ ಆಗಿದ್ದಳಲ್ಲ, ಅವಳ ಹೆಸರೂ ಗಂಡನ ಹೆಸರಿನ ಜೊತೆಗೇ ಇದೆ. ಗಂಡಸರ ಹೆಸರಿನ ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ನಿಜ ಹೇಳಲೇ? ನನ್ನ ಹೆಸರು ಆ ಗೋಡೆಯ ಮೇಲೆ ಇದ್ದರೆ ಎಷ್ಟು ಚೆನ್ನ ಎಂದು ಅನ್ನಿಸಿತು. ಊರಿನ ಕಛೇರಿಯಲ್ಲಿ ನನ್ನ ಹೆಸರು ಬೇರೆ ಯಾವ ದಾರಿಯಲ್ಲಿ ಬರಬೇಕು? ಹೂಂ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ. ಅಧ್ಯಕ್ಷರನ್ನು ಕೇಳಿ ಹೇಳುತ್ತೇನೆ ಎಂದೆ.

ಹೇಗೆ ಬರೆಸಬೇಕು, ತಿಳಿಸು.

ರಾಮಯ್ಯ


ಮೈಸೂರು
12 ಫೆಬ್ರವರಿ 2013

ನಮ್ಮ ಮನೆಯವರಿಗೆ ನಮಸ್ಕಾರ.

ಬೇವಿನ ಕಟ್ಟೆಯ ಮೇಲೆ ಕೂತು ಅತ್ತೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನಾನು ಇಲ್ಲಿ ಮಂಚದ ಮೇಲೆ ಕೂತು ಅತ್ತೆ. ಕೋಣೆಯಲ್ಲಿದ್ದವರು ಊರಿನಿಂದ ಕೆಟ್ಟ ಸುದ್ದಿಯೇ ಎಂದು ಕೇಳಿದರು. ನಮ್ಮ ಯಜಮಾನರ ಕಾಗದ ಎಂದೆ, ಹೆಮ್ಮೆಯಿಂದಲೇ ಹೇಳಿದೆ.

ಮೊದಲ ದಿನ ಇಲ್ಲಿ ಒಬ್ಬೊಬ್ಬರೇ ಎದ್ದು ಪರಿಚಯ ಹೇಳಬೇಕಾಗಿತ್ತು. ಹೆಂಗಸರೆಲ್ಲ ನಾನು ಇಂಥವರ ಹೆಂಡತಿ, ಇಂಥವರ ಸೊಸೆ ಎಂದು ಶುರುಮಾಡಿದರು. ನನ್ನ ಸರದಿ ಬಂದಾಗ ಎದ್ದು, ನಾನು ಅಶ್ವತ್ಥಮ್ಮ, ನಾಗೇಗೊಂಡನಪಾಳ್ಯದ ಅಧ್ಯಕ್ಷೆ ಎಂದೆ. ಹೇಳುವಾಗ ದನಿ ಸ್ವಲ್ಪ ಒಡೆಯಿತು. ಕೂತ ಮೇಲೆ ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡೆ, ಆಗ ಸರಿಯಾಗಿ ಬಂತು.

ಹಲಗೆಯ ವಿಷಯ. ರೇಷನ್ ಕಾರ್ಡಿನಲ್ಲಿ, ಓಟರ್ ಕಾರ್ಡಿನಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರಿದೆ. ಅಲ್ಲೆಲ್ಲ ಇರಲಿ, ಅದರಿಂದ ನನಗೆ ಬೇಸರವಿಲ್ಲ. ನೀವು ಕೇಳದೆ ಬರೆಸಿದ್ದರೂ ನಾನು ಜಗಳ ಆಡುತ್ತಿರಲಿಲ್ಲವೇನೋ. ಆದರೆ ಕೇಳಿದಿರಿ. ಯಾರೂ ಕೇಳಿರಲಿಲ್ಲ ಇಲ್ಲಿಯವರೆಗೆ, ಅದಕ್ಕೇ ಇದ್ದದ್ದನ್ನು ಹೇಳುತ್ತೇನೆ. ಆ ಗೋಡೆಯ ಮೇಲೆ ಅಶ್ವತ್ಥಮ್ಮ ಎಂದು ಮಾತ್ರ ಬರೆಯಲಿ.

ನಿಮಗೆ ಬೇಸರವಾಗುತ್ತದೆ ಎಂದು ಗೊತ್ತು. ಆದರೂ ಪೇಂಟರಿಗೆ ನೀವೇ ಹೇಳಬೇಕು, ಬೇರೆಯವರು ಹೇಳಿದರೆ ಅವನು ನಂಬುವುದಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅವನಿಗೆ ಅವತ್ತೇ ಕೆಲಸ ಶುರುಮಾಡಲು ಹೇಳಿ. ಬಣ್ಣ ಹಸಿಯಾಗಿರುವಾಗಲೇ ನಾನು ನೋಡಬೇಕು.

ಅಶ್ವತ್ಥಮ್ಮ